ವೆನಿಸ್‌ನಿಂದ ಬಂದ ಹುಡುಗ: ಹೊಸ ದೇಶದಲ್ಲಿ ನೆಲೆ ನಿಲ್ಲುವುದು ಹೇಗೆ?

ನಮ್ಮ ಹುಂಚದ ಕಥೆ ಶುರುವಾಗುವುದೇ ಊರು ಬಿಟ್ಟು ಬಂದ ಒಬ್ಬನಿಂದ. ಉತ್ತರದ ಮಥುರೆಯಿಂದ ಪ್ರಾಣ ಉಳಿಸಿಕೊಂಡು ಓಡಿಬಂದ ರಾಜಕುಮಾರ ಜಿನದತ್ತರಾಯ, ಜೊತೆಯಲ್ಲಿ ಪದ್ಮಾವತಿ ದೇವಿಯ ಮೂರ್ತಿ ತಂದು, ಇಲ್ಲಿಯ ಲಕ್ಕಿ ಗಿಡದ ಹತ್ತಿರ ನಿಂತು, ಇಲ್ಲೇ ರಾಜ್ಯ ಕಟ್ಟಿದ ಎಂದು ಸ್ಥಳಪುರಾಣ ಹೇಳುತ್ತದೆ. ಸಾಂತರ ಅರಸರ ಮೂಲಪುರುಷ ಅವನೇ ಎಂಬ ನಂಬಿಕೆ ಇದೆ. ಹುಂಚದ ರಥೋತ್ಸವಕ್ಕೆ ಬರುವವರಿಗೆ ಅದು ದೇವಿಯ ಮಹಿಮೆಯ ಕಥೆ. ಈ ಊರಿನಲ್ಲೇ ಬೆಳೆದ ನನಗೆ ಅದು ವಲಸೆಯ ಕಥೆಯಾಗಿಯೂ ಕೇಳಿಸುತ್ತದೆ. ಬಂದ ಮೊದಲ ವಾರ ಅವನು ಯಾವ ಭಾಷೆಯಲ್ಲಿ ಮಾತಾಡಿದ? ಯಾರ ಮನೆಯಲ್ಲಿ ಉಂಡ? ಇಲ್ಲಿಯ ಜನ ಅವನನ್ನು ನಂಬಿದ್ದು ಯಾವಾಗ? ಪುರಾಣಗಳು ಇಂಥ ಸಣ್ಣ ವಿವರಗಳನ್ನು ಇಟ್ಟುಕೊಳ್ಳುವುದಿಲ್ಲ.

ಆದರೆ ಇಂಥ ವಿವರಗಳನ್ನೇ ಬರೆದಿಟ್ಟ ಇನ್ನೊಬ್ಬ ಹುಡುಗ ಇದ್ದಾನೆ. ಅವನ ಹೆಸರು ನಿಕೋಲಾವೋ ಮನೂಚಿ. ಇತಿಹಾಸದಲ್ಲಿ ನಾವು ಬಾಯಿಪಾಠ ಮಾಡುವ ವಿದೇಶಿ ಪ್ರವಾಸಿಗರ ಪಟ್ಟಿಯಲ್ಲಿ ಬರ್ನಿಯರ್, ಟಾವರ್ನಿಯರ್ ಪಕ್ಕದಲ್ಲಿ ಅವನ ಹೆಸರೂ ಬರುತ್ತದೆ. ಎದುರಿಗೆ 'ಇಟಲಿ' ಎಂದು ಬರೆದರೆ ಒಂದು ಅಂಕ ಸಿಗುತ್ತದೆ, ಅಲ್ಲಿಗೆ ಅವನನ್ನು ಮರೆಯುತ್ತೇವೆ. ಅವನು 1638ರಲ್ಲಿ ವೆನಿಸ್‌ನಲ್ಲಿ ಹುಟ್ಟಿದವನು. 1653ರಲ್ಲಿ, ಹದಿನೈದರ ಹುಡುಗನಿದ್ದಾಗ, ಮನೆ ಬಿಟ್ಟ. 1656ರ ಜನವರಿಯಲ್ಲಿ ಸೂರತ್ ಬಂದರಿಗೆ ಬಂದು ಇಳಿದಾಗ ಅವನಿಗೆ ಹದಿನೇಳು. ಇದನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರ ವಯಸ್ಸು ಅದು, ಬರೆಯುತ್ತಿರುವ ನನ್ನದೂ ಅದೇ. ಆಮೇಲೆ ಸುಮಾರು ಅರವತ್ತು ವರ್ಷ ಅವನು ಈ ದೇಶದಲ್ಲೇ ಬದುಕಿ ಇಲ್ಲೇ ತೀರಿಕೊಂಡ. ಇಟಲಿಗೆ ಮರಳಲೇ ಇಲ್ಲ. ಹಾಗಾದರೆ ಅವನನ್ನು ಪ್ರವಾಸಿ ಎನ್ನುವುದು ಹೇಗೆ ಸರಿ? ಅವನು ವಲಸಿಗ.

ಒಬ್ಬ ಹದಿನೇಳರ ಹುಡುಗ ಗುರುತು ಪರಿಚಯವಿಲ್ಲದ ದೇಶದಲ್ಲಿ ನೆಲೆ ನಿಲ್ಲಲು ಏನೇನು ಬೇಕಾಯಿತು, ಅದಕ್ಕೆ ಅವನು ಏನು ಬೆಲೆ ಕೊಟ್ಟ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ನಾನು ವಾಣಿಜ್ಯ ವಿಭಾಗದವನು. ಆದ್ದರಿಂದ ಅಲ್ಲಲ್ಲಿ ಲೆಕ್ಕಶಾಸ್ತ್ರದ ಮಾತು ಬಂದರೆ ವಿಜ್ಞಾನ ಮತ್ತು ಕಲಾ ವಿಭಾಗದ ಗೆಳೆಯರು ಸಹಿಸಿಕೊಳ್ಳಬೇಕು.

ಅತಿಥಿ ಬೇರೆ, ವಲಸಿಗ ಬೇರೆ

ಮನೂಚಿಗಿಂತ ಮೊದಲೇ ಒಬ್ಬ ಇಟಲಿಯವನು ನಮ್ಮ ಸೀಮೆಗೇ ಬಂದು ಹೋಗಿದ್ದಾನೆ. ರೋಮ್‌ನ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬುವನು 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆ ದಾರಿಯಲ್ಲಿ ಘಟ್ಟ ಹತ್ತಿ ಸಾಗರದ ಹತ್ತಿರದ ಇಕ್ಕೇರಿಗೆ ಬಂದ. ಆಗ ಕೆಳದಿಯ ವೆಂಕಟಪ್ಪ ನಾಯಕರ ಆಳ್ವಿಕೆ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ಕೆಲವು ಹುಡುಗರು ನೆಲದ ಮೇಲೆ ಮರಳು ಹರಡಿಕೊಂಡು, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ನೋಡಿ ಅವನು ಬೆರಗಾದ. ಕಾಗದ, ಶಾಯಿ ಏನೂ ಖರ್ಚಾಗದೆ ಪಾಠ ನಡೆಯುತ್ತಿತ್ತು. ಅದನ್ನೆಲ್ಲ ಬರೆದುಕೊಂಡ. 1626ರಲ್ಲಿ ರೋಮ್‌ಗೆ ಮರಳಿ ತನ್ನ ಮನೆ ಸೇರಿದ.

ದೆಲ್ಲಾ ವಾಲ್ಲೆ ಶ್ರೀಮಂತ ಮನೆತನದವನು. ಅವನಿಗೆ ವಾಪಸ್ ಹೋಗುವ ದಾರಿ ಇತ್ತು. ಊಟ ಸೇರದಿದ್ದರೆ, ಭಾಷೆ ಬರದಿದ್ದರೆ, ಅದು ಬರೆದುಕೊಳ್ಳಲು ಒಂದು ವಿಷಯವಾಯಿತು ಅಷ್ಟೇ. ವಲಸಿಗನಿಗೆ ಹಾಗಲ್ಲ. ಊಟ ಸೇರದಿದ್ದರೂ ಉಣ್ಣಬೇಕು. ಭಾಷೆ ಬರದಿದ್ದರೆ ಅವತ್ತಿನ ಕೂಲಿ ಹೋಗುತ್ತದೆ. ಅತಿಥಿ ನೋಡುತ್ತಾನೆ, ವಲಸಿಗ ಕಲಿಯುತ್ತಾನೆ. ಇಬ್ಬರೂ ಒಂದೇ ದೇಶದಿಂದ ಬಂದಿದ್ದರೂ ಅವರ ಲೆಕ್ಕ ಬೇರೆ ಬೇರೆ.

ಹೊರಟದ್ದು ಹೇಗೆ?

ಮನೂಚಿ ಹೊರಟದ್ದು ಯಾರ ಅನುಮತಿಯನ್ನೂ ಕೇಳದೆ. ಲೋಕ ನೋಡಬೇಕೆಂಬ ಆಸೆ ಇತ್ತು, ತಂದೆ ಒಪ್ಪುವ ಹಾಗೆ ಕಾಣಲಿಲ್ಲ. ವೆನಿಸ್‌ನಿಂದ ಹೊರಟ ಒಂದು ಹಡಗಿನಲ್ಲಿ ಅಡಗಿ ಕುಳಿತ. ಅದೇ ಹಡಗಿನಲ್ಲಿ ಬೆಲೊಮಾಂಟ್ ಎಂಬ ಇಂಗ್ಲಿಷ್ ಶ್ರೀಮಂತನಿದ್ದ. ಸಿಂಹಾಸನ ಕಳೆದುಕೊಂಡಿದ್ದ ಇಂಗ್ಲೆಂಡಿನ ಎರಡನೇ ಚಾರ್ಲ್ಸ್, ಪರ್ಷಿಯಾದ ಷಾ ಮತ್ತು ಮೊಘಲ್ ಬಾದಶಹನ ನೆರವು ಕೇಳಲು ಅವನನ್ನು ರಾಯಭಾರಿಯಾಗಿ ಕಳಿಸಿದ್ದ. ಬೆಲೊಮಾಂಟ್ ಹುಡುಗನನ್ನು ತನ್ನ ಸೇವಕನನ್ನಾಗಿ ಇಟ್ಟುಕೊಂಡ. ಇಬ್ಬರೂ ಇಂದಿನ ಟರ್ಕಿಯ ಸ್ಮಿರ್ನಾದಲ್ಲಿ ಇಳಿದು, ಒಂಟೆ ಕುದುರೆಗಳ ಸಾಲಿನ ಜೊತೆ ನಡೆದು ಪರ್ಷಿಯಾದ ಇಸ್ಫಹಾನ್ ಸೇರಿದರು. ಅಲ್ಲಿ ಬಹಳ ತಿಂಗಳು ಕಾದರು. ಕೊನೆಗೆ ಬಂದರ್ ಅಬ್ಬಾಸ್‌ನಿಂದ ಹಡಗು ಹಿಡಿದು ಸೂರತ್‌ಗೆ ಬಂದರು.

ಈ ಎರಡು ವರ್ಷದಲ್ಲಿ ಹುಡುಗ ಎರಡು ಭಾಷೆ ಕಲಿತ: ಟರ್ಕಿ ಭಾಷೆ ಮತ್ತು ಪರ್ಷಿಯನ್. ಯಾವ ಶಾಲೆಗೂ ಹೋಗಿ ಕಲಿತದ್ದಲ್ಲ. ಅಡಿಗೆ ಸಾಮಾನು ತರುವಾಗ, ಕುದುರೆ ಬಾಡಿಗೆಗೆ ಚೌಕಾಸಿ ಮಾಡುವಾಗ ಕಿವಿಗೆ ಬಿದ್ದದ್ದನ್ನು ನಾಲಿಗೆಗೆ ತಂದುಕೊಂಡ ಎಂದು ಊಹಿಸಬಹುದು. ಯಜಮಾನನಿಗಾಗಿ ಮಾಡಿದ ಈ ಕೆಲಸವೇ ಮುಂದೆ ಅವನ ಬಂಡವಾಳವಾಯಿತು.

ಅವನು ಸೂರತ್‌ನಲ್ಲಿ ಇಳಿದ ಕಾಲಕ್ಕೆ ಇಲ್ಲಿ ನಮ್ಮ ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿ, ಅಂದರೆ ಇಂದಿನ ನಗರದಲ್ಲಿ, ಭೂಕಂದಾಯದ 'ಶಿಸ್ತು' ತಂದು ಹೆಸರಾದ ಶಿವಪ್ಪ ನಾಯಕರು ಆಳುತ್ತಿದ್ದರು. ದೆಹಲಿಯಲ್ಲಿ ಷಹಜಹಾನ್ ಬಾದಶಹ. ಕಾಲದ ಅಂದಾಜು ಸಿಗಲೆಂದು ಇದನ್ನು ಹೇಳಿದೆ.

ಮೊದಲ ದಿನದ ಎಲೆ ಅಡಿಕೆ

ಸೂರತ್‌ನಲ್ಲಿ ಅವನ ಕಣ್ಣಿಗೆ ಮೊದಲು ಬಿದ್ದದ್ದು ಬಿಳಿ ಬಟ್ಟೆ ತೊಟ್ಟ ಜನ. ಆಮೇಲೆ ಗಾಬರಿಯಾಗುವಂಥ ಇನ್ನೊಂದು ವಿಷಯ. ಬಹುಪಾಲು ಎಲ್ಲರೂ ರಕ್ತದಂತೆ ಕೆಂಪಗೆ ಉಗುಳುತ್ತಿದ್ದರು! ಇದು ಈ ದೇಶದ ಯಾವುದೋ ಕಾಯಿಲೆಯೋ, ಇಲ್ಲಿ ಹಲ್ಲು ಕೀಳಿಸುವ ಪದ್ಧತಿ ಇದೆಯೋ ಎಂದು ಅವನಿಗೆ ಅನುಮಾನ. ಒಬ್ಬ ಇಂಗ್ಲಿಷ್ ಮಹಿಳೆಯನ್ನು ಕೇಳಿದ. ಅವಳು ಇದು ಕಾಯಿಲೆಯಲ್ಲ, ಪಾನ್ ಎಂಬ ಎಲೆ ಎಂದು ತಿಳಿಸಿ, ತರಿಸಿ, ತಾನೂ ಹಾಕಿಕೊಂಡು ಅವನಿಗೂ ಕೊಟ್ಟಳು. ಹಾಕಿಕೊಂಡವನಿಗೆ ತಲೆ ತಿರುಗಿ, ಮುಖ ಬಿಳಿಚಿ, ಕೆಳಗೆ ಬಿದ್ದ. ಸತ್ತೇ ಹೋಗುತ್ತೇನೆ ಅಂದುಕೊಂಡ. ಅವಳು ಬಾಯಿಗೆ ಸ್ವಲ್ಪ ಉಪ್ಪು ಹಾಕಿ ಎಚ್ಚರ ತರಿಸಿದಳು.

ಮಲೆನಾಡಿನವರು ಇದನ್ನು ಓದಿದರೆ ನಗದೆ ಇರಲಾರರು. ಅಡಿಕೆ ಸೊಕ್ಕುತ್ತದೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ನಮ್ಮ ಅಬ್ಬಾ ಅಡಿಕೆ ತೋಟ ಚೇಣಿ ಹಿಡಿಯುತ್ತಾರೆ. ಕೊನೆ ಕೊಯ್ಲಿನ ಹೊತ್ತಿಗೆ ಬಯಲುಸೀಮೆಯಿಂದ ಬಂದ ಹುಡುಗರಲ್ಲಿ ಒಬ್ಬನಾದರೂ ಹಸಿ ಅಡಿಕೆ ಬಾಯಿಗೆ ಹಾಕಿಕೊಂಡು ತಲೆ ಹಿಡಿದು ಕೂರುವುದನ್ನು ನಾನೇ ನೋಡಿದ್ದೇನೆ.

ಆದರೆ ಈ ನಗುವಿನ ಹಿಂದೆ ಒಂದು ಪಾಠ ಇದೆ. ಹೊಸ ದೇಶದಲ್ಲಿ ಮೊದಲು ಕಾಣುವುದೆಲ್ಲ ಕಾಯಿಲೆಯ ಹಾಗೆಯೇ ಕಾಣುತ್ತದೆ. ಪದ್ಧತಿ ಯಾವುದು, ಕಾಯಿಲೆ ಯಾವುದು ಎಂದು ಹೊರಗಿನಿಂದ ತಿಳಿಯುವುದಿಲ್ಲ. ಮನೂಚಿ ಊಹೆ ಮಾಡಿ ಸುಮ್ಮನಾಗಲಿಲ್ಲ, ಕೇಳಿದ. ಕೇಳಿದ ಮೇಲೆ ರುಚಿಯನ್ನೂ ನೋಡಿದ. ಹೊಂದಿಕೊಳ್ಳುವುದು ಅಂದರೆ ಮೊದಲು ಇಷ್ಟೇ.

ಯಜಮಾನ ತೀರಿಕೊಂಡ ದಿನ

ನಿಜವಾದ ಕಷ್ಟ ಬಂದದ್ದು ಐದು ತಿಂಗಳ ನಂತರ. 1656ರ ಜೂನ್‌ನಲ್ಲಿ ಆಗ್ರಾದಿಂದ ದೆಹಲಿಗೆ ಹೋಗುವ ದಾರಿಯಲ್ಲಿ, ಹೋಡಲ್ ಎಂಬ ಊರಿನ ಬಳಿ, ಬೆಲೊಮಾಂಟ್ ಇದ್ದಕ್ಕಿದ್ದಂತೆ ತೀರಿಕೊಂಡ. ಶವಸಂಸ್ಕಾರ ಮುಗಿಯುವಷ್ಟರಲ್ಲಿ ಮೊಘಲರ ಕೆಲಸದಲ್ಲಿದ್ದ ಇಬ್ಬರು ಇಂಗ್ಲಿಷರು ಬಂದು, ಸತ್ತವನ ಆಸ್ತಿ ಬಾದಶಹನಿಗೆ ಸೇರಬೇಕೆಂದು ಹೇಳಿ, ಎಲ್ಲ ಸಾಮಾನಿಗೆ ಮುದ್ರೆ ಹಾಕಿ ಒಯ್ದರು. ಅಮೀರರು ಸತ್ತರೆ ಅವರ ಆಸ್ತಿ ಸರ್ಕಾರದ ವಶವಾಗುವ ಪದ್ಧತಿ ಆಗ ಇತ್ತು. ಆದರೆ ಅವರು ಹುಡುಗನ ಸ್ವಂತ ವಸ್ತುಗಳನ್ನೂ ಬಿಡಲಿಲ್ಲ.

ಅವನ ಸ್ಥಿತಿ ಯೋಚಿಸಿ. ವಯಸ್ಸು ಹದಿನೆಂಟು. ಸಂಬಳ ಇಲ್ಲ, ಸಾಮಾನಿಲ್ಲ, ಪರಿಚಯ ಪತ್ರವಿಲ್ಲ, ನೂರಾರು ಮೈಲಿ ಸುತ್ತಳತೆಯಲ್ಲಿ ಸಂಬಂಧಿಕರಿಲ್ಲ. ತನ್ನವರು ಅಂದುಕೊಳ್ಳಬಹುದಾದ ಯುರೋಪಿನವರೇ ಅವನನ್ನು ಬರಿಗೈ ಮಾಡಿದ್ದರು. ವಲಸೆ ಹೋದವರಿಗೆ ಮೊದಲ ಪೆಟ್ಟು ಎಷ್ಟೋ ಸಲ ಪರದೇಶದವರಿಂದ ಬರುವುದಿಲ್ಲ, ಊರಿನವನೇ ಎಂದು ನಂಬಿದವನಿಂದ ಬರುತ್ತದೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಹುಡುಗ ಅಳುತ್ತ ಕೂರಲಿಲ್ಲ. ದೆಹಲಿಗೆ ಹೋದ, ದೊಡ್ಡ ಅಧಿಕಾರಿಗಳ ಮುಂದೆ ತನ್ನ ದೂರು ಹೇಳಿಕೊಂಡ. ಆ ಓಡಾಟದಲ್ಲೇ ಅವನಿಗೆ ಷಹಜಹಾನನ ಹಿರಿಯ ಮಗ ದಾರಾ ಶಿಕೋಹ್‌ನ ಪರಿಚಯವಾಯಿತು. ದಾರಾ ಅವನನ್ನು ತನ್ನ ತೋಪಿನ ದಳಕ್ಕೆ ಸೇರಿಸಿಕೊಂಡ. ಸಂಬಳ ತಿಂಗಳಿಗೆ 80 ರೂಪಾಯಿ.

ನಿಂತದ್ದು ಯಾವುದರ ಮೇಲೆ?

ಈ ಘಟನೆಯನ್ನು ಬಿಡಿಸಿ ನೋಡಿದರೆ ಅವನನ್ನು ಎತ್ತಿ ನಿಲ್ಲಿಸಿದ್ದು ಮೂರು ವಿಷಯ.

ಮೊದಲನೆಯದು ಭಾಷೆ. ಮೊಘಲ್ ದರ್ಬಾರಿನ ಭಾಷೆ ಪರ್ಷಿಯನ್. ದುಭಾಷಿಯ ಹಂಗಿಲ್ಲದೆ ಅವನು ತನ್ನ ಕಷ್ಟವನ್ನು ತಾನೇ ಹೇಳಬಲ್ಲವನಾಗಿದ್ದ. ಬಾಯಿ ಇಲ್ಲದವನ ದೂರನ್ನು ಬೇರೆಯವರು ಹೇಳಿದರೆ ಅದು ಅವರ ದೂರಾಗುತ್ತದೆ. ಇಲ್ಲಿ ಒಂದು ಸ್ವಾರಸ್ಯ ಇದೆ. ಮನೂಚಿ ಕಲಿತ ಆ ಪರ್ಷಿಯನ್ ದರ್ಬಾರಿನಲ್ಲೇ ಉಳಿಯಲಿಲ್ಲ, ನಮ್ಮ ಅಂಗಡಿ ಲೆಕ್ಕಕ್ಕೂ ಬಂತು. ಜಮಾ, ಖರ್ಚು, ನಗದು, ಬಾಕಿ, ವಸೂಲಿ, ರಸೀದಿ, ಜಾಮೀನು, ಗುಮಾಸ್ತ, ಅರ್ಜಿ: ಇವೆಲ್ಲ ಪರ್ಷಿಯನ್ ಮೂಲಕ ಕನ್ನಡಕ್ಕೆ ಬಂದ ಮಾತುಗಳು. ಸಾಗರ, ತೀರ್ಥಹಳ್ಳಿಯ ಯಾವ ಅಡಿಕೆ ಮಂಡಿಗೆ ಹೋದರೂ ಇವಿಲ್ಲದೆ ವ್ಯವಹಾರ ನಡೆಯದು. ಇವು ಹೊರಗಿನಿಂದ ಬಂದವು ಎಂದು ಯಾರಿಗೂ ನೆನಪಿಲ್ಲ. ಮಾತುಗಳೂ ವಲಸೆ ಬರುತ್ತವೆ. ಕೆಲಸಕ್ಕೆ ಬಂದರೆ ಮನೆಯವರಾಗಿ ಉಳಿಯುತ್ತವೆ.

ಎರಡನೆಯದು ಕಸುಬು. ಫರಂಗಿಗಳಿಗೆ ತೋಪಿನ ವಿದ್ಯೆ ಗೊತ್ತು ಎಂಬ ಹೆಸರು ಆಗಿನ ಅರಸರ ನಡುವೆ ಇತ್ತು. ಮನೂಚಿ ಆ ಹೆಸರನ್ನು ಬಳಸಿಕೊಂಡ. ವ್ಯಾಪಾರದ ಭಾಷೆಯಲ್ಲಿ ಇದನ್ನು ಗುಡ್‌ವಿಲ್ ಎನ್ನುತ್ತೇವೆ. ಕಣ್ಣಿಗೆ ಕಾಣದ, ಆದರೆ ಬೆಲೆ ಇರುವ ಆಸ್ತಿ. ಮುಂದೆ ತೋಪಿನ ಕೆಲಸ ಬಿಟ್ಟಾಗ ವೈದ್ಯನಾದ. ಯಾವ ಕಾಲೇಜಿನಲ್ಲೂ ಓದಿದ ವೈದ್ಯನಲ್ಲ, ಫರಂಗಿ ಹಕೀಮ ಎಂಬ ಹೆಸರೇ ಅವನ ಸರ್ಟಿಫಿಕೇಟ್. ಅವನ ಪುಸ್ತಕಕ್ಕಾಗಿ ಬರೆಸಿದ ಚಿತ್ರಗಳಲ್ಲಿ ಅವನು ಹಿಂದೂಸ್ತಾನದ ಉಡುಪು ತೊಟ್ಟು ರೋಗಿಯ ನಾಡಿ ಹಿಡಿದು ನಿಂತಿದ್ದಾನೆ. ಇಂದು ಯಾರಾದರೂ ಹೀಗೆ ಮಾಡಿದರೆ ನಕಲಿ ವೈದ್ಯ ಎಂದು ಪೊಲೀಸರು ಹಿಡಿಯುತ್ತಾರೆ, ಹಿಡಿಯಬೇಕು ಕೂಡ. ಆದ್ದರಿಂದ ಅವನ ಈ ದಾರಿ ನಮಗೆ ಮಾದರಿಯಲ್ಲ. ಆದರೆ ಒಂದು ಕೆಲಸ ಹೋದರೆ ಇನ್ನೊಂದು ಕೈಯಲ್ಲಿರಬೇಕು ಎಂಬುದು ಈಗಲೂ ನಿಜ.

ಮೂರನೆಯದು ಪರವಾಗಿ ನಿಲ್ಲುವವರು. ಮೊದಲು ಬೆಲೊಮಾಂಟ್, ಆಮೇಲೆ ದಾರಾ. ಆದರೆ ಇದು ಮೂರರಲ್ಲಿ ಅತ್ಯಂತ ಅಪಾಯದ ಆಸ್ತಿ, ಏಕೆಂದರೆ ಆ ವ್ಯಕ್ತಿ ಬಿದ್ದರೆ ನಾವೂ ಬೀಳುತ್ತೇವೆ. ಬೆಲೊಮಾಂಟ್ ಸತ್ತಾಗ ಏನಾಯಿತು ಎಂದು ನೋಡಿದೆವು. 1658ರಲ್ಲಿ ಆಗ್ರಾ ಬಳಿಯ ಸಾಮೂಗಢದಲ್ಲಿ ದಾರಾ ತನ್ನ ತಮ್ಮಂದಿರಾದ ಔರಂಗಜೇಬ್ ಮತ್ತು ಮುರಾದ್‌ರ ಎದುರು ಸೋತ. ಮನೂಚಿ ಅವನನ್ನು ಹಿಂಬಾಲಿಸಿ ಲಾಹೋರ್, ಮುಲ್ತಾನ್ ದಾಟಿ ಸಿಂಧ್‌ನ ಭಕ್ಕರ್ ಕೋಟೆಯವರೆಗೆ ಹೋದ. 1659ರಲ್ಲಿ ದಾರಾನನ್ನು ಕೊಲ್ಲಿಸಲಾಯಿತು. ಮೂರೇ ವರ್ಷದಲ್ಲಿ ಎರಡನೇ ಸಲ ಹುಡುಗ ಯಜಮಾನನಿಲ್ಲದವನಾದ. ಔರಂಗಜೇಬನ ಸೇವೆಗೆ ಸೇರಲು ಅವನಿಗೆ ಮನಸ್ಸಾಗಲಿಲ್ಲ. ಆಗ ಅವನಿಗೆ ಇಪ್ಪತ್ತೊಂದು.

ಈ ಸಲ ಅವನು ಬೀಳಲಿಲ್ಲ. ಮೊದಲ ಎರಡು ಆಸ್ತಿ, ಭಾಷೆ ಮತ್ತು ಕಸುಬು, ಅವನ ಕೈಯಲ್ಲೇ ಇದ್ದವು. ಅವನ್ನು ಯಾರೂ ಮುದ್ರೆ ಹಾಕಿ ಒಯ್ಯಲಾರರು. ರಾಜಾ ಜಯಸಿಂಹನ ಸೈನ್ಯದಲ್ಲಿ ಕೆಲಸ ಸಿಕ್ಕಿತು. 1665ರಲ್ಲಿ ಅದೇ ಪಾಳೆಯದಲ್ಲಿ ಶಿವಾಜಿಯ ಜೊತೆ ಮಾತಾಡಿದ್ದಾಗಿಯೂ ಅವನು ಬರೆದಿದ್ದಾನೆ.

ಖರ್ಚಿನ ಕಡೆ

ಜಮಾ ಕಡೆ ಮಾತ್ರ ನೋಡಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಖರ್ಚಿನ ಕಡೆಯೂ ಉದ್ದ ಇದೆ.

ಸೇವೆಯಲ್ಲಿ ಕೂಡಿಟ್ಟ ಹಣ ತೆಗೆದುಕೊಂಡು ಮುಂಬಯಿ ಬಳಿಯ ಬಾಂದ್ರಾದಲ್ಲಿ ನೆಮ್ಮದಿಯಾಗಿರಲು ಹೋದ. ಅದನ್ನು ಒಂದು ವ್ಯಾಪಾರಕ್ಕೆ ಹಾಕಿ ಕಳೆದುಕೊಂಡ. ಮತ್ತೆ ವೈದ್ಯ ವೃತ್ತಿಗೆ ಮರಳಬೇಕಾಯಿತು. ಔರಂಗಜೇಬನ ಮಗ ಷಾ ಆಲಂನ ಮನೆಯ ವೈದ್ಯನಾದ. ಅಲ್ಲಿಯೂ ಬಹಳ ದಿನ ಸರಿಬರಲಿಲ್ಲ. ಗೋವೆ, ಗೋಲ್ಕೊಂಡ ಸುತ್ತಿ 1686ರಲ್ಲಿ ಮದ್ರಾಸ್ ಸೇರಿದ. ಅಲ್ಲಿ ಒಬ್ಬ ವಿಧವೆಯನ್ನು ಮದುವೆಯಾಗಿ ನೆಲೆ ನಿಂತ. ಹೊರಟಾಗ ಹದಿನೈದಿದ್ದವನಿಗೆ ಸ್ವಂತ ಮನೆ ಎಂಬುದು ಆದದ್ದು ನಲವತ್ತೆಂಟನೇ ವಯಸ್ಸಿನಲ್ಲಿ.

ಅಲ್ಲಿಯೂ ಅವನ ಉಪಯೋಗ ಯಾವುದು? ನಡುವೆ ನಿಲ್ಲುವುದು. ಮೊಘಲ್ ಸೇನಾಧಿಕಾರಿ ದಾವೂದ್ ಖಾನ್ ಮದ್ರಾಸಿನ ಮೇಲೆ ಒತ್ತಡ ತಂದಾಗ, ಇಂಗ್ಲಿಷ್ ಗವರ್ನರ್ ಥಾಮಸ್ ಪಿಟ್ ಮಾತುಕತೆಗೆ ಕಳಿಸಿದ್ದು ಮನೂಚಿಯನ್ನು. ಮೊಘಲರಿಗೆ ಅವನು ಫರಂಗಿ, ಫರಂಗಿಗಳಿಗೆ ಮೊಘಲರ ರೀತಿ ತಿಳಿದವನು. ಎರಡೂ ಕಡೆಗೆ ಬೇಕಾದವನು, ಎರಡೂ ಕಡೆ ಪೂರ್ತಿ ಸೇರದವನು.

ಇದು ನನಗೆ ಸ್ವಲ್ಪ ಗೊತ್ತಿರುವ ಭಾವನೆ. ನಮ್ಮ ಮನೆಯಲ್ಲಿ ದಖನಿ ಉರ್ದು ಮಾತಾಡುತ್ತೇವೆ. ಬೀದಿಗೆ ಬಂದರೆ ಕನ್ನಡ, ಅಕೌಂಟೆನ್ಸಿ ಪುಸ್ತಕ ತೆಗೆದರೆ ಇಂಗ್ಲಿಷ್. ದಾದಿಮಾಗೆ ಬ್ಯಾಂಕಿನ ಕಾಗದ ಓದಿ ಹೇಳುವುದು ನಾನೇ. ನನ್ನ ದಾದಾನ ದಾದಾ ಕೂಡ ಈ ಮಣ್ಣಿನಲ್ಲೇ ಇದ್ದವರು. ಆದರೂ ಬಸ್ಸಿನಲ್ಲಿ ಒಬ್ಬ ಹಿರಿಯರು, 'ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀಯಪ್ಪ, ಎಲ್ಲಿಂದ ಬಂದವರು ನೀವು?' ಎಂದು ಪ್ರೀತಿಯಿಂದಲೇ ಕೇಳಿದ್ದರು. 'ಹುಂಚದಿಂದ' ಎಂದೆ. 'ಅದಲ್ಲ, ಮೂಲ ಎಲ್ಲಿ?' ಎಂದರು. 'ಹುಂಚವೇ' ಎಂದೆ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಎಲ್ಲಿಗೂ ಹೋಗದವನಿಗೇ ಹೀಗಾದರೆ, ಸಮುದ್ರ ದಾಟಿ ಬಂದವನಿಗೆ ಅರವತ್ತು ವರ್ಷದಲ್ಲಿ ಎಷ್ಟು ಸಲ ಈ ಪ್ರಶ್ನೆ ಬಂದಿರಬಹುದು?

ಮನೂಚಿಯ ಪುಸ್ತಕವೇ ಇದಕ್ಕೆ ಸಾಕ್ಷಿ. 'ಸ್ತೋರಿಯಾ ದೋ ಮೋಗೋರ್' ಎಂಬ ಅವನ ದೊಡ್ಡ ಗ್ರಂಥ ಒಂದೇ ಭಾಷೆಯಲ್ಲಿಲ್ಲ. ಕೆಲವು ಭಾಗ ಇಟಾಲಿಯನ್, ಕೆಲವು ಪೋರ್ಚುಗೀಸ್, ಕೆಲವು ಫ್ರೆಂಚ್. ಬರೆದುಕೊಳ್ಳಲು ಯಾವ ಭಾಷೆಯ ಬರಹಗಾರ ಸಿಕ್ಕನೋ ಆ ಭಾಷೆಯಲ್ಲಿ ಹೇಳಿ ಬರೆಸಿದ. ಅವನಿಗೆ ಬಹಳ ಭಾಷೆ ಬಂದವು, ಆದರೆ ಇಡೀ ಜೀವನವನ್ನು ಹೇಳಿಕೊಳ್ಳಲು ಒಂದು ಭಾಷೆ ಉಳಿಯಲಿಲ್ಲ. ಗಳಿಸಿದ್ದೂ ಭಾಷೆಯೇ, ಕಳೆದದ್ದೂ ಭಾಷೆಯೇ.

ಆ ಪುಸ್ತಕಕ್ಕೂ ಪೆಟ್ಟು ಬಿತ್ತು. ಹಸ್ತಪ್ರತಿಯನ್ನು ಪ್ಯಾರಿಸ್‌ಗೆ ಕಳಿಸಿದ್ದ. ಅಲ್ಲಿ ಕತ್ರೂ ಎಂಬ ಪಾದ್ರಿ ಅದನ್ನು ಬೇಕಾದಂತೆ ಕತ್ತರಿಸಿ, ಬೇರೆ ವಿಷಯ ಸೇರಿಸಿ, 1705ರಲ್ಲಿ ತನ್ನ ಪುಸ್ತಕವಾಗಿ ಪ್ರಕಟಿಸಿದ. ಸಿಟ್ಟಾದ ಮನೂಚಿ ಇನ್ನೊಂದು ಪ್ರತಿಯನ್ನು ತಾನು ಹುಟ್ಟಿದ ವೆನಿಸ್‌ನ ಸರ್ಕಾರಕ್ಕೇ ಕಳಿಸಿದ. ತಾನು ಮರಳದ ಊರಿಗೆ ತನ್ನ ಕಥೆ ಮರಳಲಿ ಎಂದಿರಬೇಕು. ವಿಲಿಯಂ ಇರ್ವಿನ್ ಎಂಬ ವಿದ್ವಾಂಸ ಪೂರ್ತಿ ಗ್ರಂಥವನ್ನು ಇಂಗ್ಲಿಷಿಗೆ ತಂದದ್ದು 1907–08ರಲ್ಲಿ, ಇನ್ನೂರು ವರ್ಷದ ನಂತರ. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮನೂಚಿ ಕಂಡದ್ದರ ಜೊತೆ ಬಜಾರಿನ ಗಾಳಿಮಾತನ್ನೂ ಸೇರಿಸಿದ್ದಾನೆ ಎಂದು ಇತಿಹಾಸಕಾರರು ಹೇಳುತ್ತಾರೆ. ತನ್ನ ವೋಚರ್ ತಾನೇ ಬರೆದುಕೊಂಡವನ ಲೆಕ್ಕವನ್ನು ಬೇರೆ ದಾಖಲೆಗಳ ಜೊತೆ ಹೋಲಿಸಿಯೇ ಒಪ್ಪಬೇಕು.

ಅವನ ನಂತರದ ಹುಡುಗರು

ಇಟಲಿ ಬಿಟ್ಟವರಲ್ಲಿ ಮನೂಚಿ ಕೊನೆಯವನಲ್ಲ. 1876ರಿಂದ 1976ರವರೆಗಿನ ನೂರು ವರ್ಷದಲ್ಲಿ ಸುಮಾರು 2.6 ಕೋಟಿ ಜನ ಇಟಲಿಯಿಂದ ಹೊರಗೆ ಹೋದರು. ಅವರಲ್ಲಿ ಹದಿಹರೆಯದ ಹುಡುಗರೂ ಬಹಳ ಇದ್ದರು. ಅಮೆರಿಕಕ್ಕೆ ಹೋದವರಲ್ಲಿ ಎಷ್ಟೋ ಜನರನ್ನು ಕರೆದೊಯ್ದದ್ದು 'ಪದ್ರೋನೆ' ಎಂದು ಕರೆಯುತ್ತಿದ್ದ ದಲ್ಲಾಳಿಗಳು. ಅವರೂ ಇಟಲಿಯವರೇ, ಅದೇ ಭಾಷೆಯವರೇ. ಹಡಗಿನ ಟಿಕೆಟ್ ಹಣ ಮೊದಲು ತಾವೇ ಕೊಟ್ಟು, ಆಮೇಲೆ ಕೆಲಸ ಕೊಡಿಸಿ, ಸಾಲ ತೀರುವವರೆಗೆ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರು. ಭಾಷೆ ಬಾರದ ಹುಡುಗನಿಗೆ ಪದ್ರೋನೆ ಬಿಟ್ಟರೆ ಬೇರೆ ಬಾಯಿ ಇರಲಿಲ್ಲ. ಆದ್ದರಿಂದ ಸಾಲ ಬೇಗ ತೀರುತ್ತಲೂ ಇರಲಿಲ್ಲ.

ಇದನ್ನು ಓದುವಾಗ ನಿಮಗೆ ಯಾರದೋ ನೆನಪು ಬಂದಿರಬಹುದು. ನಮ್ಮ ಕಾಲೇಜಿನಲ್ಲಿ ಅಬ್ಬಾನೋ, ಮಾಮುವೋ, ಭಾಯಿಯೋ ಕೊಲ್ಲಿ ದೇಶದಲ್ಲಿರುವ ಮನೆಗಳು ಕಡಿಮೆಯಿಲ್ಲ. ಹೆಚ್ಚಿನವರು ದುಡಿದು ಮನೆ ಕಟ್ಟಿಸಿದ್ದಾರೆ, ತಂಗಿಯರನ್ನು ಓದಿಸಿದ್ದಾರೆ. ಆದರೆ ಏಜೆಂಟ್ ಹೇಳಿದ ಕೆಲಸ ಒಂದು, ಅಲ್ಲಿ ಸಿಕ್ಕಿದ್ದು ಇನ್ನೊಂದು ಎಂಬ ಕಥೆಯೂ ಎಲ್ಲರಿಗೂ ಗೊತ್ತು.

ಮನೂಚಿಗೆ ಪಾಸ್‌ಪೋರ್ಟ್ ಇರಲಿಲ್ಲ, ವೀಸಾ ಇರಲಿಲ್ಲ, ಅವನನ್ನು ಕಾಯುವ ಕಾನೂನೂ ಇರಲಿಲ್ಲ. ನಮಗೆ ಇವೆ. ಹತ್ತನೇ ತರಗತಿ ಪಾಸಾಗದವರು ಕೆಲಸಕ್ಕಾಗಿ ಸೌದಿ, ಯುಎಇ, ಕತಾರ್, ಕುವೈತ್ ಮುಂತಾದ 18 ದೇಶಗಳಿಗೆ ಹೋಗಬೇಕಾದರೆ 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು. ಕಡಿಮೆ ಓದಿದವರು ಮೋಸಹೋಗಬಾರದು ಎಂಬುದು ಅದರ ಉದ್ದೇಶ. ಹತ್ತನೇ ತರಗತಿ ಪಾಸಾದವರಿಗೆ ಆ ತಪಾಸಣೆ ಇಲ್ಲ. ಅಂದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ನಮ್ಮನ್ನು ತಿಳಿದವರು ಎಂದು ನಂಬಿ ಬಿಟ್ಟುಬಿಡುತ್ತದೆ, ಕಾಗದ ಓದಿ ನೋಡುವ ಹೊಣೆ ನಮ್ಮ ಮೇಲೆಯೇ ಬೀಳುತ್ತದೆ. ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿದ ಏಜೆಂಟರು ಮಾತ್ರ ಜನರನ್ನು ವಿದೇಶದ ಕೆಲಸಕ್ಕೆ ಸೇರಿಸಬಹುದು. ಅವರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ, ಯಾರು ಬೇಕಾದರೂ ನೋಡಬಹುದು. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಮಾಡುವುದು ಕಾನೂನಿಗೆ ವಿರುದ್ಧ. ಹಾಗೆ ಹೋದವರಿಗೆ ಸಂಬಳ ಬರದಿದ್ದರೆ ದೂರು ಕೊಡುವುದೂ ಕಷ್ಟ.

ಕೊಲ್ಲಿಯ ದೇಶಗಳಲ್ಲಿ ಕಫೀಲ್, ಅಂದರೆ ಪ್ರಾಯೋಜಕನ ಪದ್ಧತಿ ನಡೆದುಬಂದಿದೆ. ಕೆಲಸಗಾರ ಅಲ್ಲಿ ಇರುವ ಅನುಮತಿ ಅವನ ಮಾಲೀಕನ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಈಚಿನ ವರ್ಷಗಳಲ್ಲಿ ಹಲವು ದೇಶಗಳು ಇದನ್ನು ಸಡಿಲಿಸಿವೆ. ಆದರೂ ಬೆಲೊಮಾಂಟ್ ಸತ್ತ ದಿನದ ಮನೂಚಿಯನ್ನು ನೆನೆಸಿಕೊಂಡರೆ, ಒಬ್ಬನೇ ವ್ಯಕ್ತಿಯ ಮೇಲೆ ನಿಂತ ಬದುಕು ಎಷ್ಟು ತೆಳ್ಳಗಿನದು ಎಂದು ಅರ್ಥವಾಗುತ್ತದೆ. ಪಾಸ್‌ಪೋರ್ಟ್ ಕೂಡ ಮಾಲೀಕನದಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು.

ಕೇಳಬೇಕಾದ ಪ್ರಶ್ನೆಗಳು

ಇದೆಲ್ಲ ನನಗೆ ಬರೀ ಇತಿಹಾಸವಲ್ಲ. ಸೌದಿಯಲ್ಲಿರುವ ನನ್ನ ಮಾಮು ಪರೀಕ್ಷೆ ಮುಗಿದ ಮೇಲೆ ಅಲ್ಲಿಗೆ ಬರುವಂತೆ ಫೋನಿನಲ್ಲಿ ಹೇಳಿದ್ದಾರೆ. ಹದಿನೆಂಟು ತುಂಬಿದ ಕೂಡಲೇ ಒಂದು ಗೋದಾಮಿನ ಲೆಕ್ಕ ಬರೆಯುವ ಕೆಲಸ ಕೊಡಿಸುತ್ತಾರಂತೆ. ಅಮ್ಮಿಗೆ ಇಷ್ಟವಿಲ್ಲ. ಅಬ್ಬಾ ಏನೂ ಹೇಳುವುದಿಲ್ಲ. ಈ ವರ್ಷ ಕೊಳೆರೋಗದಿಂದ ಚೇಣಿಯಲ್ಲಿ ಎಷ್ಟು ನಷ್ಟವಾಯಿತು ಎಂಬುದು ಅವರಿಗೂ ಗೊತ್ತು, ಲೆಕ್ಕ ಬರೆದ ನನಗೂ ಗೊತ್ತು. ಬಿ.ಕಾಂ. ಓದಬೇಕೆಂಬುದು ನನ್ನ ಆಸೆ.

ಮನೂಚಿಯ ಕಥೆ 'ಹೋಗು' ಎಂದೂ ಹೇಳುವುದಿಲ್ಲ, 'ಹೋಗಬೇಡ' ಎಂದೂ ಹೇಳುವುದಿಲ್ಲ. ಹೊರಡುವ ಧೈರ್ಯ ಅವನನ್ನು ಸೂರತ್‌ವರೆಗೆ ಮಾತ್ರ ತಂದಿತು. ಅಲ್ಲಿಂದ ಮುಂದೆ ನಿಲ್ಲಿಸಿದ್ದು ದಾರಿಯಲ್ಲಿ ಕಲಿತದ್ದು. ಹಾಗಾಗಿ ಹೋಗುವ ಮೊದಲು ನಮ್ಮ ಹತ್ತಿರ ಏನಿದೆ ಎಂದು ಎಣಿಸಿಕೊಳ್ಳಬೇಕು. ನಾನು ಮಾಮುಗೆ ಇನ್ನೂ ಉತ್ತರ ಕೊಟ್ಟಿಲ್ಲ. ಬರುವ ಶುಕ್ರವಾರ ಅವರು ಫೋನ್ ಮಾಡಿದಾಗ ಕೇಳಲು ನಾಲ್ಕು ಪ್ರಶ್ನೆ ಬರೆದಿಟ್ಟಿದ್ದೇನೆ. ಕೆಲಸದ ಕರಾರು ಯಾವ ಭಾಷೆಯಲ್ಲಿದೆ, ಅದರ ಪ್ರತಿ ನನಗೆ ಮೊದಲೇ ಸಿಗುತ್ತದೆಯೇ? ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ? ಬಿ.ಕಾಂ. ಮುಗಿಸಿ ಬಂದರೆ ಅದೇ ಗೋದಾಮಿನಲ್ಲಿ ಸಂಬಳ ಎಷ್ಟು ಹೆಚ್ಚುತ್ತದೆ? ನಾಲ್ಕನೆಯದು ಲೆಕ್ಕಕ್ಕೆ ಸಿಗದ ಪ್ರಶ್ನೆ: ಮಾಮು, ಇಪ್ಪತ್ತೆರಡು ವರ್ಷದ ಮೇಲೆ ನೀವು ಕನಸು ಕಾಣುವುದು ಈಗ ಯಾವ ಭಾಷೆಯಲ್ಲಿ?

ಇಂಥ ಫೋನ್ ನಿಮ್ಮ ಮನೆಗೂ ಬಂದಿದ್ದರೆ, ಮೊದಲ ಮೂರನ್ನಾದರೂ ಕೇಳಿ. ಕೇಳುವುದಕ್ಕೆ ಖರ್ಚಿಲ್ಲ.